ಒದ್ದೆ ಸಾಲಿನ ಇಪ್ಪತ್ತು ಗಿಡಗಳು

ಫೆಬ್ರವರಿ ೬

ಅಮ್ಮಾ,

ಫೋನ್ ಮಾಡಿದರೆ ನಾವಿಬ್ಬರೂ "ಊಟ ಆಯ್ತಾ?", "ಆಯ್ತು" ಅಂದು ಮುಗಿಸಿಬಿಡುತ್ತೇವೆ. ಅದಕ್ಕೇ ಪತ್ರ. ಶಾಲೆಯ ಹಾಸ್ಟೆಲಿನಿಂದ ಭಾನುವಾರದ ಪತ್ರ ಬರೆದು ಬರೆದು ಬೆಳೆದವಳಿಗೆ ಇದೇ ಸುಲಭ. ಕನ್ನಡದಲ್ಲಿ ಇಂಗ್ಲಿಷ್ ಜಾಸ್ತಿ ಆಯಿತು ಅಂತ ಬೈಯಬೇಡ. ನಮ್ಮ ಹಾಸ್ಟೆಲ್‌ನಲ್ಲಿ ಕನಸೂ ಇಂಗ್ಲಿಷಿನಲ್ಲೇ ಬೀಳಬೇಕಿತ್ತು.

ಸುದ್ದಿ ಏನೆಂದರೆ, ಕಾಲೇಜಿನ ಗಾಜಿನ ಮನೆ ಈಗ ನನ್ನ ಕೈಯಲ್ಲಿದೆ. ಡಾಕ್ಟರಕ್ಕ ಹೆರಿಗೆಗೆಂದು ತಾಯಿಯ ಮನೆಗೆ ಹೋದರು. (ಅವರು ಇನ್ನೂ ಡಾಕ್ಟರ್ ಆಗಿಲ್ಲ, ಸಂಶೋಧನೆ ಮಾಡುತ್ತಿದ್ದಾರೆ. ಆದರೂ ಇಲ್ಲಿ ಎಲ್ಲರಿಗೂ ಅವರು ಡಾಕ್ಟರಕ್ಕನೇ.) ಏಪ್ರಿಲ್ ಕೊನೆಯವರೆಗೆ ಅವರ ಗಿಡಗಳಿಗೆ ನೀರು ಹಾಕುವುದು ನಾನು. ಮೊದಲ ವರ್ಷದವರಿಗೆ ಯಾರಿಗೂ ಕೊಡದ ಕೆಲಸವಂತೆ. ನನ್ನ ಅಕ್ಷರ ನೀಟಾಗಿದೆ, ಐದು ನಿಮಿಷ ಮುಂಚೆಯೇ ಬರುತ್ತೇನೆ, ಅಷ್ಟಕ್ಕೇ ಕೊಟ್ಟಿದ್ದಾರೆ. ಕೊಟ್ಟ ದಿನದಿಂದ ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತೇನೆ.

ನಲವತ್ತು ಹಿಪ್ಪುನೇರಳೆ ಗಿಡ, ಎರಡು ಸಾಲು. ಒದ್ದೆ ಸಾಲಿನ ಇಪ್ಪತ್ತಕ್ಕೆ ಹೊಟ್ಟೆ ತುಂಬ ನೀರು. ದಿನಾ ಬೆಳಿಗ್ಗೆ ಕುಂಡವನ್ನು ಸ್ಕೇಲಿನ ಮೇಲಿಟ್ಟು, ಎಂಟು ಕಿಲೋ ಆಗುವವರೆಗೆ ನೀರು ಸುರಿಯಬೇಕು. ಒಣ ಸಾಲಿನ ಇಪ್ಪತ್ತಕ್ಕೆ ಆರು ಕಿಲೋ ಒಂಬೈನೂರು ಗ್ರಾಂ ಆಗುವಷ್ಟು ಮಾತ್ರ, ಅಂದರೆ ಮೂರರಲ್ಲಿ ಒಂದು ಪಾಲು ನೀರು. ನವೆಂಬರ್‌ನಿಂದ ಡಾಕ್ಟರಕ್ಕ ಅವುಗಳಿಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದಿದ್ದಾರೆ. ಏಪ್ರಿಲ್‌ನಲ್ಲಿ ಎರಡಕ್ಕೂ ಪೂರ್ತಿ ನೀರು ಕೊಟ್ಟು, ಬರ ಕಂಡ ಗಿಡ ಹೇಗೆ ಏಳುತ್ತದೆ ಅಂತ ನೋಡುವುದು. ಒದ್ದೆ ಸಾಲು ಇಲ್ಲದಿದ್ದರೆ ಒಣ ಸಾಲನ್ನು ಯಾವುದಕ್ಕೆ ಹೋಲಿಸುವುದು? ಅವರ ಎರಡು ವರ್ಷದ ಕೆಲಸ ಅದರ ಮೇಲೆ ನಿಂತಿದೆ.

ಡಾಕ್ಟರಕ್ಕ ತೋರಿಸಿಕೊಟ್ಟ ದಿನ ನೆಲವೆಲ್ಲ ನೀರೋ ನೀರು. ಕುಂಡ ಎತ್ತಿ ಸ್ಕೇಲಿಗೆ ಇಡುವಷ್ಟರಲ್ಲಿ ಸೊರ್ ಅಂತ ಸೋರುತ್ತದೆ, ಅವರಿಗೆ ಅದರ ಪರಿವೆಯೇ ಇಲ್ಲ. ನಾನು ಸ್ವಲ್ಪ ನೀಟಾಗಿ ಮಾಡುತ್ತೇನೆ. ಒದ್ದೆ ಸಾಲಿನ ಕುಂಡಗಳ ಕೆಳಗೆ ದಪ್ಪ ಮಣ್ಣಿನ ತಟ್ಟೆ ಇದೆಯಲ್ಲ, ತಟ್ಟೆ ಸಮೇತ ಎತ್ತಿ ಇಡುತ್ತೇನೆ. ಒಂದು ಹನಿ ಬೀಳುವುದಿಲ್ಲ. ನೆಲ ಒದ್ದೆ ಮಾಡಿದ್ದಕ್ಕೆ ಹಾಸ್ಟೆಲ್ ವಾರ್ಡನ್ ಎಷ್ಟು ಸಲ ನನ್ನನ್ನು ಮಂಡಿಯೂರಿಸಿ ಒರೆಸಿಸಿದ್ದರು ಅಂತ ನಿನಗೆ ಬರೆದಿರಲಿಲ್ಲ, ಈಗ ಬರೆದೆ.

ಇನ್ನೊಂದು ಆಶ್ಚರ್ಯ ಕೇಳು. ಈ ಐದು ದಿನ ಒದ್ದೆ ಸಾಲು ನೀರನ್ನೇ ಕೇಳಿಲ್ಲ! ಸ್ಕೇಲು ಎಂಟರ ಮೇಲೇ ತೋರಿಸುತ್ತಿದೆ. ಎಷ್ಟು ಒಳ್ಳೆಯ ಗಿಡಗಳು ನೋಡು.

ದರ್ಜಿ ಅಂಗಡಿಯ ಮೇಲಿನ ರೂಮಿನಿಂದ, ಹೊಲಿಗೆ ಯಂತ್ರದ ಸದ್ದಿಗೆ ಈಗಷ್ಟೇ ಒಗ್ಗಿಕೊಂಡಿರುವ
ನಿನ್ನ ಮಗಳು


ಫೆಬ್ರವರಿ ೧೨

ಮರೀ,

ಕಾಗದ ಬಂತು. ಕಸಿ ಕಟ್ಟುವ ಕಾಲ ಇದು, ಬೆರಳಿಗೆಲ್ಲ ಮೇಣ ಮೆತ್ತಿಕೊಂಡಿದೆ, ಅಕ್ಷರ ಅಂಟಿದರೆ ಬಿಡಿಸಿಕೊಂಡು ಓದು.

ಹೊಟ್ಟೆ ತುಂಬ ನೀರು ಕುಡಿಯುವ ಗಿಡ ಐದು ದಿನ ನೀರು ಕೇಳಲಿಲ್ಲ ಅಂದರೆ ನನಗೆ ಆಶ್ಚರ್ಯ ಆಗಲ್ಲ, ಅನುಮಾನ ಆಗುತ್ತೆ. ಮಣ್ಣಿಗೆ ಬೆರಳು ಹಾಕಿ ನೋಡಿದೆಯಾ? ಇಪ್ಪತ್ತೈದು ವರ್ಷ ಆಯ್ತು ನಾನು ನರ್ಸರಿಯಲ್ಲಿ, ಒಂದು ದಿನ ಸ್ಕೇಲು ಮುಟ್ಟಿದವಳಲ್ಲ. ಬೆರಳು ಎರಡು ಗೆಣ್ಣು ಇಳಿಸು. ತಣ್ಣಗಿದ್ದರೆ ಸರಿ. ಹಿಟ್ಟಿನ ಹಾಗೆ ಉದುರಿದರೆ ಸರಿಯಿಲ್ಲ.

ನೀನು ದೊಡ್ಡ ಓದು ಓದುತ್ತಿದ್ದೀಯ, ನನಗಿಂತ ನಿನಗೆ ಗೊತ್ತಿರುತ್ತೆ. ಆದರೂ ಬೆರಳು ಹಾಕು.

ಬರೆಯಲು ಕೈ ಖಾಲಿ ಇಲ್ಲದ
ಅಮ್ಮ


ಫೆಬ್ರವರಿ ೨೦

ಅಮ್ಮಾ,

ಬೆರಳು ಹಾಕುವ ಹಾಗಿಲ್ಲ. ಡಾಕ್ಟರಕ್ಕನ ಶೀಟಿನಲ್ಲಿ ನಾಲ್ಕನೇ ಪಾಯಿಂಟ್: "ಮಣ್ಣನ್ನು ಕದಡಬಾರದು." ಅಂಡರ್‌ಲೈನ್ ಬೇರೆ ಮಾಡಿದ್ದಾರೆ. ಸ್ಕೇಲು ಸುಳ್ಳು ಹೇಳುತ್ತದೆಯೇ? ಈಗ ದಿನಾ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿವೆ. ಪ್ರತಿದಿನ ಎಷ್ಟು ತೂಗಿತು, ಎಷ್ಟು ಸುರಿದೆ, ಎಲ್ಲ ರಿಜಿಸ್ಟರಿನಲ್ಲಿ ಬರೆದಿದ್ದೇನೆ, ಒಂದು ಕಾಟು ಇಲ್ಲ.

ಆದರೆ ಒದ್ದೆ ಸಾಲಿನ ಕೆಳಗಿನ ಎಲೆಗಳು ಹಳದಿಯಾಗಿವೆ. ಬಿಸಿಲಿಗಿರಬೇಕು ಅಂತ ಬಿಳಿ ಪರದೆ ಎಳೆದಿದ್ದೇನೆ. ಕಾಲೇಜಿನ ಬೀಗ ತೆಗೆಯುವ ತಾತ ಬಂದು ನೋಡಿ, "ಏನಮ್ಮಾ, ನಿನ್ನ ಗಿಡಗಳಿಗೂ ಪರೀಕ್ಷೆ ಟೆನ್ಷನ್ನಾ? ಕೂದಲು ಉದುರಿಸ್ಕೊಳ್ತಿವೆ!" ಅಂದರು. ಲ್ಯಾಬಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಒಣ ಸಾಲು ಮಾತ್ರ ಆರಾಮಾಗಿದೆ. ಎಲೆ ಸಣ್ಣ, ದಪ್ಪ, ಮುಟ್ಟಿದರೆ ಚರ್ಮದ ಹಾಗೆ. ಏನೂ ಆಗಿಲ್ಲ ಅನ್ನುವ ಥರ ನಿಂತಿವೆ. ಇದು ಉಲ್ಟಾ ಅಲ್ಲವಾ?

ಎಲ್ಲ ಸರಿಹೋಗುತ್ತದೆ ಅಂತ ಒಂದು ಸಾಲು ಬರೆದುಬಿಡು, ಪ್ಲೀಸ್.

ಪರದೆಯ ನೆರಳಲ್ಲಿ ಕೂತು ಬರೆಯುತ್ತಿರುವ
ನಿನ್ನ ಮಗಳು


ಮಾರ್ಚ್ ೩

ಅಮ್ಮಾ,

ನಾನು ಗಿಡಗಳನ್ನು ಸಾಯಿಸಿದ್ದೇನೆ.

ನಿನ್ನೆ ಬೆಳಿಗ್ಗೆ ಏಳನೇ ಕುಂಡ ಎತ್ತುವಾಗ ಕೈ ಜಾರಿತು. ಕುಂಡ ಉಳಿಯಿತು, ತಟ್ಟೆ ಎರಡು ಹೋಳಾಯಿತು. ತಟ್ಟೆ ಇಲ್ಲದೆ ಕುಂಡವನ್ನು ಸ್ಕೇಲಿಗಿಟ್ಟೆ. ಹಿಂದಿನ ದಿನ ನಾನೇ ನೀರು ಹಾಕಿ ಎಂಟು ಕಿಲೋ ಮಾಡಿದ ಕುಂಡ ಅದು. ಸ್ಕೇಲು ಆರು ಕಿಲೋ ಆರುನೂರು ತೋರಿಸಿತು. ಒಂದೇ ದಿನದಲ್ಲಿ ಇಷ್ಟು ನೀರು ಎಲ್ಲಿಗೆ ಹೋಯಿತು ಅಂತ ಸ್ಕೇಲನ್ನೇ ನೋಡುತ್ತಾ ನಿಂತೆ. ಆಮೇಲೆ ನೆಲದ ಮೇಲಿದ್ದ ಎರಡು ಹೋಳುಗಳನ್ನು ಎತ್ತಿ ಸ್ಕೇಲಿಗಿಟ್ಟೆ.

ಒಂದು ಕಿಲೋ ಇನ್ನೂರು ಗ್ರಾಂ.

ಎಂಟು ಕಿಲೋ ಅಂದರೆ ಬರೀ ಕುಂಡ, ಮಣ್ಣು, ನೀರು. ತಟ್ಟೆ ಲೆಕ್ಕಕ್ಕೇ ಇಲ್ಲ. ನಾನು ಒಂದು ತಿಂಗಳು ತಟ್ಟೆಯನ್ನೂ ನೀರು ಅಂತ ತೂಗಿದ್ದೇನೆ. ಒಣ ಸಾಲಿಗೆ ಅರ್ಧ ಕಿಲೋ ನೀರಾದರೂ ಸಿಗುತ್ತಿತ್ತು, ಒದ್ದೆ ಸಾಲಿಗೆ ನಾನು ಕೊಟ್ಟದ್ದು ನಾನೂರು ಗ್ರಾಂ. ಅದೂ ಹೊಟ್ಟೆ ತುಂಬ ಕುಡಿದು, ಅಗಲ ಎಲೆ ಬಿಟ್ಟುಕೊಂಡು ಬೆಳೆದ ಗಿಡಗಳಿಗೆ, ಇದ್ದಕ್ಕಿದ್ದ ಹಾಗೆ. ಒಣ ಸಾಲಿನ ಕೆಳಗೆ ತಟ್ಟೆ ಇಲ್ಲ, ಅಷ್ಟು ಕಡಿಮೆ ನೀರು ಸೋರುವುದೇ ಇಲ್ಲವಲ್ಲ. ಅದಕ್ಕೇ ಅವು ಬಚಾವಾದವು.

ಈ ಹತ್ತು ದಿನದಲ್ಲಿ ಎಲೆ ಎಲ್ಲ ಉದುರಿತು. ಇಪ್ಪತ್ತು ಕೋಲುಗಳು ನಿಂತಿವೆ. ತಾತ ಈಗ ಜೋಕ್ ಮಾಡುತ್ತಿಲ್ಲ, ಅದು ಇನ್ನೂ ಭಯ.

ಪುಸ್ತಕದಲ್ಲಿ ಓದಿದೆ. ಬೇರಿನಿಂದ ಎಲೆಯವರೆಗೆ ಸಣ್ಣ ಕೊಳವೆಗಳಲ್ಲಿ ನೀರು ಒಂದು ದಾರದ ಹಾಗೆ ಎಳೆದುಕೊಂಡಿರುತ್ತದಂತೆ. ಮಣ್ಣು ಒಣಗಿದಷ್ಟೂ ದಾರ ಬಿಗಿಯಾಗುತ್ತದೆ. ಗಿಡ ಎಲೆಯ ಸಣ್ಣ ಸಣ್ಣ ಬಾಯಿಗಳನ್ನು ಮುಚ್ಚಿ ತಡೆಯಲು ನೋಡುತ್ತದೆ. ತಡೆಯಲಾರದಷ್ಟಾದಾಗ ದಾರ ತುಂಡಾಗುತ್ತದೆ, ಆ ಕೊಳವೆಯೊಳಗೆ ಗಾಳಿ ಸೇರುತ್ತದೆ. ಗಾಳಿ ಸೇರಿದ ಕೊಳವೆಯಲ್ಲಿ ನೀರು ಮತ್ತೆ ಹತ್ತುವುದು ಕಷ್ಟ. ಸೂಕ್ಷ್ಮ ಮೈಕ್ ಇಟ್ಟರೆ ಒಳಗೆ ಟಿಕ್ ಟಿಕ್ ಅಂತ ತುಂಡಾಗುವ ಸದ್ದು ಕೇಳುತ್ತದಂತೆ. ನಾನು ಅದೇ ರೂಮಿನಲ್ಲಿ ಪೆನ್ನು ಹಿಡಿದು ನೀಟಾಗಿ ಬರೆಯುತ್ತಾ ಕೂತಿದ್ದೆ.

ಡಾಕ್ಟರಕ್ಕನಿಗೆ ಹೇಳುವುದಿಲ್ಲ. ಇವತ್ತೋ ನಾಳೆಯೋ ಹೆರಿಗೆ. ಯಾರಿಗೂ ಹೇಳುವುದಿಲ್ಲ. ಬಿಸಿಲು ಜಾಸ್ತಿಯಿತ್ತು ಅಂತ ಬರೆಯಬಹುದು, ಬಿಸಿಲು ನಿಜವಾಗಿಯೂ ಜಾಸ್ತಿಯೇ ಇತ್ತು. ಗೊತ್ತಾದರೆ ಲ್ಯಾಬಿನಿಂದ ಕಳಿಸುತ್ತಾರೆ. ಕಳಿಸಿದರೆ ಎಲ್ಲಿಗೆ ಹೋಗಲಿ?

ಏನು ಮಾಡಲಿ, ಹೇಳು. ಬೇಗ.

ನಿನ್ನ ಮಗಳು


ಮಾರ್ಚ್ ೭

ಮರೀ,

ಮೊದಲು ಉಸಿರು ತಗೋ. ಎಲೆ ಉದುರಿಸಿದ ಗಿಡ ಸತ್ತಿದೆ ಅಂತ ಯಾರು ಹೇಳಿದ್ದು ನಿನಗೆ? ಸತ್ತ ಗಿಡ ಎಲೆ ಉದುರಿಸಲ್ಲ ಕಣೇ. ಒಣಗಿದ ಎಲೆ ಕೊಂಬೆಗೇ ಅಂಟಿಕೊಂಡು ಗರಗರ ಅನ್ನುತ್ತಿರುತ್ತೆ. ಎಲೆ ಕಳಚಿ ಹಾಕುವುದು ಬದುಕಿರುವ ಗಿಡದ ಕೆಲಸ. ಖರ್ಚು ಕಡಿಮೆ ಮಾಡಿಕೊಂಡಿದೆ, ಅಷ್ಟೇ. ಎಲೆ ಹೋದರೆ ಹೋಗಲಿ, ಕಾಂಡ ಉಳಿಯಲಿ, ಕಾಂಡ ಹೋದರೆ ಹೋಗಲಿ, ಬೇರು ಉಳಿಯಲಿ ಅಂತ ಮೇಲಿಂದ ಕೆಳಗೆ ಬಿಟ್ಟುಕೊಂಡು ಬರುತ್ತೆ.

ಈಗ ಹೇಳಿದ ಹಾಗೆ ಮಾಡು. ಉಗುರಿನಲ್ಲಿ ತುದಿಯ ಹತ್ತಿರ ತೊಗಟೆ ಸ್ವಲ್ಪ ಕೆರೆ. ಕಂದು ಬಣ್ಣ ಇದ್ದರೆ ಅಲ್ಲಿ ಹೋಗಿದೆ. ಒಂದು ಗೇಣು ಕೆಳಗೆ ಬಂದು ಕೆರೆ. ಹಸಿರು ಕಂಡು, ಹಾಲು ಒಂದು ಚುಕ್ಕೆ ಬಂದರೆ ಅಲ್ಲಿಂದ ಕೆಳಗೆ ಜೀವ ಇದೆ. ಬುಡದವರೆಗೂ ಹಸಿರು ಸಿಗದಿದ್ದರೂ ಕಿತ್ತು ಬಿಸಾಡಬೇಡ, ಬೇರು ಏನು ಹೇಳುತ್ತೆ ಕಾಯಬೇಕು.

ನೀರು ಧೋ ಅಂತ ಸುರಿಯಬೇಡ. ಒಣಗಿದ ಬೇರು ಕೊಳೆಯುತ್ತೆ. ಎರಡು ಲೋಟ, ಮಾರನೇ ದಿನ ಎರಡು ಲೋಟ, ಹೀಗೆ ವಾರದಲ್ಲಿ ನಿಮ್ಮ ಎಂಟು ಕಿಲೋ ಮುಟ್ಟಿಸು. ಎಲೆ ಇಲ್ಲದ ಗಿಡ ಜಾಸ್ತಿ ಕುಡಿಯಲ್ಲ. ನೆರಳು ಇರಲಿ. ಗೊಬ್ಬರ ಬೇಡವೇ ಬೇಡ. ಕತ್ತರಿ ಮುಟ್ಟಬೇಡ, ಎಲ್ಲಿ ಚಿಗುರುತ್ತೋ ಅದಕ್ಕೇ ಗೊತ್ತಿಲ್ಲ ಇನ್ನೂ.

ಆಮೇಲೆ ನಿಮ್ಮ ಡಾಕ್ಟರಕ್ಕನಿಗೆ ಹೇಳು. ಹೆರಿಗೆ ಆಗಲಿ, ನಾಲ್ಕು ದಿನ ಕಳೆಯಲಿ, ಆದರೆ ಹೇಳು. ಇದು ಗಿಡಕ್ಕೆ ಹೇಳಿದ ಮಾತಲ್ಲ, ನಿನಗೆ.

ಊಟ ಮಾಡು.

ಅಮ್ಮ


ಮಾರ್ಚ್ ೧೪

ಅಮ್ಮಾ,

ಕೆರೆದೆ. ಹದಿಮೂರು ಗಿಡಗಳಲ್ಲಿ ಅರ್ಧದಿಂದ ಕೆಳಗೆ ಹಸಿರಿದೆ. ನಾಲ್ಕರಲ್ಲಿ ಬುಡದ ಹತ್ತಿರ ಮಾತ್ರ. ಮೂರರಲ್ಲಿ ಎಲ್ಲೂ ಇಲ್ಲ. ಹಾಲಿನ ಚುಕ್ಕೆ ಮೊದಲ ಸಲ ಕಂಡಾಗ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನೀರು ನೀನು ಹೇಳಿದ ಹಾಗೇ ಕೊಡುತ್ತಿದ್ದೇನೆ. ತಟ್ಟೆ ಪಕ್ಕಕ್ಕಿಟ್ಟು. ನೆಲ ಒದ್ದೆಯಾದರೆ ಆಗಲಿ.

ಚಿಗುರು ಇಲ್ಲ. ದಿನಾ ಲೆನ್ಸ್ ಹಿಡಿದು ಇಪ್ಪತ್ತು ಕೋಲುಗಳನ್ನೂ ನೋಡುತ್ತೇನೆ. ಕ್ಲಾಸಿನಲ್ಲಿ ಕೂತಾಗಲೂ ಅವೇ ಕಣ್ಣ ಮುಂದೆ.

ಡಾಕ್ಟರಕ್ಕನಿಗೆ ಮಗಳು ಹುಟ್ಟಿದಳಂತೆ. ಎಲ್ಲರೂ ಸೇರಿ ಒಂದು ಕಾರ್ಡ್ ಕಳಿಸಿದೆವು, ನಾನೂ ಸಹಿ ಹಾಕಿದೆ. "ಗಿಡಗಳು ಹೇಗಿವೆ?" ಅಂತ ಲ್ಯಾಬಿಗೆ ಫೋನ್ ಮಾಡಿದ್ದರಂತೆ. "ಚೆನ್ನಾಗಿರಬೇಕು, ಆ ಹುಡುಗಿ ಭಾರಿ ನೀಟು" ಅಂತ ಯಾರೋ ಹೇಳಿದರಂತೆ. ನಾನು ಡಾಕ್ಟರಕ್ಕನಿಗೆ ಮೂರು ಪತ್ರ ಬರೆದೆ, ಮೂರನ್ನೂ ಹರಿದೆ. ಆಕ್ಚುಯಲಿ ನಾಲ್ಕು.

ಒಂದು ಮಾತು ಕೇಳಬೇಕು, ಕೋಪ ಮಾಡಿಕೊಳ್ಳಬೇಡ. ಒಣ ಸಾಲಿನ ಗಿಡಗಳನ್ನು ನೋಡಿದಾಗೆಲ್ಲ ನೆನಪಾಗುತ್ತದೆ. ಆರು ವರ್ಷದವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವಾಗ ನೀನು ಹೇಳಿದ್ದೆ, "ಹಾಸ್ಟೆಲಲ್ಲಿದ್ರೆ ಗಟ್ಟಿಯಾಗ್ತೀಯ" ಅಂತ. ಅವೂ ಹಾಗೇ ಗಟ್ಟಿಯಾಗಿವೆ. ಮೊದಲಿಂದ ಕಡಿಮೆ ಕೊಟ್ಟು ಅಭ್ಯಾಸ ಮಾಡಿಸಿದ್ದಕ್ಕೆ. ನೀನೂ ಅದೇ ಲೆಕ್ಕ ಹಾಕಿದ್ದೆಯಾ? ಹಾಕಿದ್ದರೆ ಸರಿಯೇ. ಆದರೆ ನಾನು ಗಟ್ಟಿಯಾಗಿಲ್ಲ ಅಮ್ಮ. ಗಟ್ಟಿಯಾಗಿದ್ದರೆ ಆ ನಾಲ್ಕು ಪತ್ರದಲ್ಲಿ ಒಂದನ್ನಾದರೂ ಪೋಸ್ಟ್ ಮಾಡುತ್ತಿದ್ದೆ.

ನಿನ್ನ ಮಗಳು


ಮಾರ್ಚ್ ೨೪

ಮರೀ,

ನಿನ್ನ ಕಾಗದ ಬಂದು ಒಂದು ವಾರವಾಯ್ತು. ಉತ್ತರ ಬರೆಯೋಣ ಅಂತ ಕೂತರೆ ಕಸಿ ನೆನಪಾಗುತ್ತಿತ್ತು, ಕಸಿಗೆ ಕೂತರೆ ಉತ್ತರ.

ನೀನು ಒಣ ಸಾಲಿನ ಗಿಡ ಅಲ್ಲ. ಅಂಥ ಲೆಕ್ಕ ನಾನು ಹಾಕಿಲ್ಲ. ಗಟ್ಟಿಯಾಗಲಿ ಅಂತ ನಿನ್ನನ್ನು ಕಳಿಸಿದ್ದಲ್ಲ. ಹಾಗೆ ಹೇಳಿದ್ದು ಸುಳ್ಳು.

ಆಗ ನಾವು ಹಳೆಯ ನರ್ಸರಿಯ ಶೆಡ್ಡಿನ ಹಿಂದಿನ ತಗಡಿನ ರೂಮಿನಲ್ಲಿ ಇದ್ದೆವು. ನೀನು ಕಸಿ ಟೇಬಲಿನ ಕೆಳಗೆ ಗೋಣಿಚೀಲದ ಮೇಲೆ ಮಲಗುತ್ತಿದ್ದೆ. ಒಂದು ವಾರದಲ್ಲಿ ಮುನ್ನೂರು ಕಸಿ ಕಟ್ಟಬೇಕಿತ್ತು. ನಿನಗೆ ಜ್ವರ. ಯಾವುದೋ ಗಳಿಗೆಯಲ್ಲಿ ಕಸಿ ಕಡ್ಡಿಗಳ ಕಟ್ಟು ತಿರುಗಿಹೋಗಿದೆ, ನಾನು ನೋಡಲಿಲ್ಲ. ಬುಡ ಮೇಲೆ ತುದಿ ಕೆಳಗೆ ಮಾಡಿ, ಮೊಗ್ಗುಗಳೆಲ್ಲ ನೆಲ ನೋಡುವ ಹಾಗೆ, ಮುನ್ನೂರನ್ನೂ ಕಟ್ಟಿದೆ. ಕಸಿ ಕಟ್ಟುವವರು ಯಾರಾದರೂ ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ.

ಮೂರನೇ ದಿನ ಕಣ್ಣಿಗೆ ಬಿತ್ತು. ಅವತ್ತೇ ಹೇಳಿದ್ದರೆ ಬಿಚ್ಚಿ, ಕೆಳಗಿನ ಗಿಡ ಕತ್ತರಿಸಿ, ಹೊಸ ಕಡ್ಡಿ ಕಟ್ಟಬಹುದಿತ್ತು. ಹೇಳಲಿಲ್ಲ. ಹಿಂದಿನ ಮೂಲೆಗೆ ಸರಿಸಿ, ಮೇಲೆ ಚಾಪೆ ಹೊದಿಸಿ, ನಲವತ್ತು ದಿನ ನೀರು ಹಾಕಿದೆ. ಚಿಗುರುತ್ತೆ, ಚಿಗುರುತ್ತೆ ಅಂತ. ಎಲ್ಲ ಕಪ್ಪಾಯಿತು. ನರ್ಸರಿ ಯಜಮಾನ ಚಾಪೆ ಎತ್ತಿ ನೋಡಿದ. ಕೂಗಾಡಲಿಲ್ಲ. "ಕೈ ತಪ್ಪಿದ್ರೆ ಇಟ್ಕೋತಿದ್ದೆ ಕಣಮ್ಮ. ಮುಚ್ಚಿಟ್ಟಿದ್ದೀಯಲ್ಲ, ಇನ್ನು ನಿನ್ನ ಯಾವ ಸಾಲು ನಂಬ್ಲಿ?" ಅಂದ. ವಾರದಲ್ಲಿ ರೂಮು ಖಾಲಿ ಮಾಡಿದೆ. ಮುಂದಿನ ನರ್ಸರಿಯಲ್ಲಿ ಒಂದೇ ರೂಮಿಗೆ ಎಂಟು ಹೆಂಗಸರು, ಮಕ್ಕಳನ್ನು ತರುವಂತಿಲ್ಲ. ಅದಕ್ಕೇ ಹಾಸ್ಟೆಲು.

ಬಸ್ಸಿನಲ್ಲಿ ನೀನು "ನಾನೇನು ತಪ್ಪು ಮಾಡ್ದೆ?" ಅಂತ ಕೇಳಿದೆ. ನಾನು ಕಿಟಕಿ ಕಡೆ ತಿರುಗಿದೆ. ತಪ್ಪು ನನ್ನದು ಅಂತ ಹೇಳಲು ಹನ್ನೆರಡು ವರ್ಷ ಬೇಕಾಯ್ತು. ಜ್ವರದ ಮಾತು ಬರೆಯಬಾರದಿತ್ತೇನೋ, ಬರೆದುಬಿಟ್ಟೆ. ಅದನ್ನು ಎತ್ತಿ ನಿನ್ನ ತಲೆ ಮೇಲೆ ಇಟ್ಟುಕೊಳ್ಳಬೇಡ. ಮಕ್ಕಳಿಗೆ ಜ್ವರ ಬರುತ್ತೆ.

ಈಗ ನಿನ್ನ ಚಾಪೆ ನೀನು ಎತ್ತು.

ಅಮ್ಮ


ಮಾರ್ಚ್ ೨೮

ಡಾಕ್ಟರಕ್ಕನವರಿಗೆ,

ನೀವೂ ಪಾಪುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹೀಗೆ ಬರೆದು ಆಮೇಲೆ ವಿಷಯಕ್ಕೆ ಬರೋಣ ಎಂದುಕೊಂಡೇ ನಾಲ್ಕು ಪತ್ರ ಹರಿದಿದ್ದೇನೆ. ಆದ್ದರಿಂದ ನೇರವಾಗಿ ಬರೆಯುತ್ತೇನೆ.

ಫೆಬ್ರವರಿ ಒಂದರಿಂದ ಮಾರ್ಚ್ ಒಂದರವರೆಗೆ ಒದ್ದೆ ಸಾಲಿನ ಇಪ್ಪತ್ತು ಕುಂಡಗಳನ್ನು ನಾನು ತಟ್ಟೆ ಸಮೇತ ತೂಗಿದೆ. ಪ್ರತಿ ತಟ್ಟೆ ಒಂದು ಕಿಲೋ ಇನ್ನೂರು ಗ್ರಾಂ ಇದೆ. ಎಲ್ಲ ಗಿಡಗಳ ಎಲೆಯೂ ಉದುರಿತು. ಬಿಸಿಲಿನಿಂದಲ್ಲ, ನನ್ನಿಂದ. ನೆಲ ಒದ್ದೆಯಾಗಬಾರದು ಎಂದು ನಾನೇ ಮಾಡಿಕೊಂಡ ವಿಧಾನ ಅದು, ನೀವು ಹೇಳಿಕೊಟ್ಟದ್ದಲ್ಲ. ತಪ್ಪು ತಿಳಿದದ್ದು ಮಾರ್ಚ್ ಎರಡರಂದು. ಇಷ್ಟು ದಿನ ನಿಮಗೆ ಹೇಳದೆ ಇದ್ದೆ, ಅದೂ ನನ್ನದೇ ತಪ್ಪು.

ಮಾರ್ಚ್ ಹತ್ತರಿಂದ ನಿಧಾನವಾಗಿ ನೀರು ಕೊಟ್ಟು ಈಗ ಎಂಟು ಕಿಲೋಗೆ ತಂದಿದ್ದೇನೆ. ಹದಿನೇಳು ಗಿಡಗಳಲ್ಲಿ ತೊಗಟೆಯ ಕೆಳಗೆ ಹಸಿರಿದೆ. ಇವತ್ತಿನವರೆಗೆ ಒಂದೂ ಚಿಗುರಿಲ್ಲ. ರಿಜಿಸ್ಟರಿನ ಎಲ್ಲ ಪುಟಗಳ ನಕಲು ಇದರ ಜೊತೆಗಿದೆ. ಬೀಗದ ಕೈಯನ್ನು ಯಾರಿಗೆ ಕೊಡಬೇಕು ಎಂದು ತಿಳಿಸಿದರೆ ಕೊಡುತ್ತೇನೆ.

ಗಾಜಿನ ಮನೆಯ ಮೊದಲ ವರ್ಷದ ಹುಡುಗಿ


ಏಪ್ರಿಲ್ ೫

ಹುಡುಗಿ,

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಪೆನ್ನು. ಅಕ್ಷರ ನಿನ್ನಷ್ಟು ನೀಟಾಗಿರುವುದಿಲ್ಲ.

ನಿನ್ನ ಪತ್ರ ಓದಿ ಮೊದಲ ದಿನ ಗೋಡೆಗೆ ಮುಖ ಮಾಡಿ ಕೂತೆ. "ಬಾಣಂತಿ ಯಾಕೆ ಹೀಗೆ ಗುಮ್ಮನ ಹಾಗೆ ಕೂತಿದ್ದಾಳೆ?" ಅಂತ ನಮ್ಮಮ್ಮ ಹೆದರಿದರು. ಎರಡನೇ ದಿನ ನಿನ್ನನ್ನು ಚೆನ್ನಾಗಿ ಬೈದೆ, ಇಲ್ಲಿಂದಲೇ, ಜೋರಾಗಿ. ಮೂರನೇ ದಿನ ರಿಜಿಸ್ಟರಿನ ನಕಲು ಬಿಡಿಸಿದೆ.

ನೀನು ಪ್ರತಿ ಕುಂಡ, ಪ್ರತಿ ದಿನ, ತೂಕ ಬರೆದಿದ್ದೀಯ. ಒಂದೂ ಬಿಟ್ಟಿಲ್ಲ, ಒಂದನ್ನೂ ತಿದ್ದಿಲ್ಲ. ಪ್ರತಿಯೊಂದರಿಂದ ಒಂದು ಕಿಲೋ ಇನ್ನೂರು ಕಳೆದರೆ ನಿಜವಾದ ತೂಕ ಸಿಕ್ಕಿತು. ಅಂದರೆ ಯಾವ ಗಿಡಕ್ಕೆ ಯಾವ ದಿನ ಎಷ್ಟು ನೀರು ಇತ್ತು ಎಂದು ನನಗೆ ಗ್ರಾಂ ಲೆಕ್ಕದಲ್ಲಿ ಗೊತ್ತು. ಒದ್ದೆ ಸಾಲು ಹೋಯಿತು, ನಿಜ. ಅದಕ್ಕೆ ಹೊಸ ಇಪ್ಪತ್ತು ಗಿಡ ಬೆಳೆಸಬೇಕು, ನನ್ನ ಕೆಲಸ ಆರು ತಿಂಗಳು ಹಿಂದೆ ಬಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಈಗ ನನ್ನ ಹತ್ತಿರ ನಿಧಾನವಾಗಿ ಬರ ಕಂಡ ಸಾಲು ಒಂದು, ಇದ್ದಕ್ಕಿದ್ದಂತೆ ಬರ ಕಂಡ ಸಾಲು ಒಂದು. ಒಳ್ಳೆಯ ಗಿಡಗಳಿಗೆ ಇಂಥ ಶಿಕ್ಷೆ ಕೊಡಲು ನನಗೆ ಎಂದೂ ಮನಸ್ಸು ಬರುತ್ತಿರಲಿಲ್ಲ. ಯಾರು ಹೇಗೆ ಏಳುತ್ತಾರೆ, ನೋಡೋಣ.

ಬಿಸಿಲು ಎಂದು ಬರೆದಿದ್ದರೆ ನಾನು ನಂಬುತ್ತಿದ್ದೆ. ಆ ತಪ್ಪು ಲೆಕ್ಕದ ಮೇಲೆ ಪೂರ್ತಿ ಪ್ರಬಂಧ ಬರೆದು ನಿಲ್ಲುತ್ತಿದ್ದೆ.

ಬೀಗದ ಕೈ ನಿನ್ನ ಹತ್ತಿರವೇ ಇರಲಿ. ದಿನಾ ಬೆಳಿಗ್ಗೆ ಮೊಗ್ಗು ಎಣಿಸು. ಚಿಗುರು ತುದಿಯಿಂದ ಬಂತೋ, ನಡುವಿನಿಂದಲೋ, ಬುಡದಿಂದಲೋ, ಅಳೆದು ಬರೆ. ನೆಲ ಒದ್ದೆಯಾದರೆ ಚಪ್ಪಲಿ ಬಿಟ್ಟು ಓಡಾಡು, ಬಹಳ ಸುಖ.

ನಿದ್ದೆಗೆಟ್ಟಿರುವ
ನಿಮ್ಮ ಡಾಕ್ಟರಕ್ಕ


ಏಪ್ರಿಲ್ ೧೪

ಅಮ್ಮಾ,

ಬಂತು! ಹನ್ನೊಂದನೇ ಗಿಡ, ನಡುಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ. ಮೊನ್ನೆ ತೊಗಟೆ ಸ್ವಲ್ಪ ಉಬ್ಬಿದ ಹಾಗಿತ್ತು. ಧೂಳಿರಬೇಕು ಅಂತ ಒರೆಸಿದೆ, ಹೋಗಲಿಲ್ಲ. ನಿನ್ನೆ ಬಾಯಿ ಬಿಟ್ಟಿತ್ತು, ಅಕ್ಕಿಕಾಳಿನಷ್ಟು ಹಸಿರು. ಇವತ್ತು ಬೆಳಿಗ್ಗೆ ಎಣಿಸಿದರೆ ಒಂಬತ್ತು ಗಿಡಗಳಲ್ಲಿ ಚಿಗುರು! ತಾತನನ್ನು ಕೂಗಿ ಕರೆದೆ. ಅವರು ಕನ್ನಡಕ ಏರಿಸಿ, ಬಗ್ಗಿ, ತುಂಬಾ ಹೊತ್ತು ನೋಡಿ, "ಹೂಂ, ಪಾಸು" ಅಂದರು. ಅಷ್ಟೇ ಅಂದು ಹೋದರು. ಬಾಗಿಲ ಹತ್ತಿರ ತಿರುಗಿ, "ನೀನೂ" ಅಂದರು.

ಡಾಕ್ಟರಕ್ಕನ ಪತ್ರದ ನಕಲು ಇಟ್ಟಿದ್ದೇನೆ, ನೀನೇ ಓದು. ನಾನು ಅದನ್ನು ಮೆಟ್ಟಿಲ ಮೇಲೆ ನಿಂತು ಓದಿ, ದರ್ಜಿ ಮಾಮನ ಅಂಗಡಿಗೆ ನುಗ್ಗಿ ಕಾರಣ ಹೇಳದೆ ಅತ್ತೆ. ಅವರು ಪಾಪ ಹೊಲಿಯುತ್ತಿದ್ದ ಯಾರದೋ ರವಿಕೆಯ ತೋಳನ್ನೇ ಕಣ್ಣು ಒರೆಸಿಕೊಳ್ಳಲು ಕೊಟ್ಟರು.

ಎಲ್ಲ ಚಿಗುರುಗಳೂ ನಡುವಿನಿಂದ ಇಲ್ಲವೆ ಬುಡದಿಂದ. ತುದಿಗಳು ಹೋಗಿವೆ. ಗಾಳಿ ಸೇರಿದ ಕೊಳವೆಗಳನ್ನು ಗಿಡ ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸ ಕೊಳವೆ ಕಟ್ಟಿಕೊಂಡು, ಅದರಲ್ಲಿ ನೀರು ಹತ್ತಿಸಿಕೊಳ್ಳುತ್ತದಂತೆ. ಹಳೆಯದು ರಿಪೇರಿ ಆಗದಿದ್ದರೂ ನಡೆಯುತ್ತದೆ ಅಂತ ಓದಿದಾಗ ಎಷ್ಟು ಸಮಾಧಾನವಾಯಿತು ಗೊತ್ತಾ? ಒಣ ಸಾಲು ಪೂರ್ತಿ ನೀರು ಸಿಕ್ಕ ಐದೇ ದಿನಕ್ಕೆ ಹೊಸ ಎಲೆ ಬಿಟ್ಟಿತು, ಸ್ವಲ್ಪ ಜಂಬ ಅವಕ್ಕೆ.

ನಿನ್ನ ಪತ್ರದ ಬಗ್ಗೆ. ಅದನ್ನು ಎಷ್ಟು ಸಲ ಓದಿದೆ ಅಂತ ಲೆಕ್ಕ ಇಟ್ಟಿಲ್ಲ, ನಾನು ಲೆಕ್ಕ ಇಡದ ಮೊದಲ ವಿಷಯ ಅದೇ ಇರಬೇಕು. ನಿನಗೊಂದು ಹೇಳಬೇಕು. ನೀನು ನನ್ನನ್ನು ಕಳಿಸಿದ್ದು ನಾನು ನಿನ್ನ ಕಸಿ ಚಾಕುವನ್ನು ನೀರಿನ ತೊಟ್ಟಿಗೆ ಬೀಳಿಸಿದ್ದಕ್ಕೆ ಅಂದುಕೊಂಡಿದ್ದೆ. ದೋಣಿ ಆಟ ಆಡುತ್ತಾ ಬೀಳಿಸಿದ್ದೆ, ನಿನಗೆ ಹೇಳಿರಲಿಲ್ಲ. ಮಾರನೇ ವಾರವೇ ಬಸ್ಸು ಹತ್ತಿದೆವು. ಹಾಸ್ಟೆಲ್‌ನಲ್ಲಿ ಏನಾದರೂ ಕಳೆದರೆ, ಒಡೆದರೆ, ಚೆಲ್ಲಿದರೆ, ಇನ್ನೆಲ್ಲಿಗೋ ಕಳಿಸುತ್ತಾರೆ ಅಂತ ಕಾಯುತ್ತಿದ್ದೆ. ಈಗಲೂ ಆ ಅಭ್ಯಾಸ ಹೋಗಿಲ್ಲ.

ನಿನ್ನ ಮೇಲೆ ಕೋಪ ಬರಬೇಕು ಅಂತ ಎರಡು ದಿನ ಕಾದೆ. ಸ್ವಲ್ಪ ಬಂತು. ಮುನ್ನೂರು ಕಡ್ಡಿ ತಲೆಕೆಳಗಾಗಿ ನಿಂತಿದ್ದು ಕಣ್ಣ ಮುಂದೆ ಬಂದು ನಗು ಬಂದುಬಿಟ್ಟಿತು. ಸಾರಿ.

ತುದಿಯ ಒಣಗಿದ ಭಾಗ ಕತ್ತರಿಸಬೇಕಂತೆ, ಡಾಕ್ಟರಕ್ಕ ಹೇಳಿದ್ದಾರೆ. ಎಲ್ಲಿ ಕತ್ತರಿಸಲಿ? ಕತ್ತರಿ ತೆಗೆದು ಮತ್ತೆ ಡ್ರಾಯರಿನಲ್ಲಿಟ್ಟೆ.

ಲೆನ್ಸ್ ಹಿಡಿದು ಹಿಡಿದು ಮೆಳ್ಳೆಗಣ್ಣಾಗಿರುವ
ನಿನ್ನ ಮಗಳು


ಏಪ್ರಿಲ್ ೨೦

ಮರೀ,

ಆ ಚಾಕು ಮಾರನೇ ದಿನವೇ ಸಿಕ್ಕಿತ್ತು ಕಣೇ! ತೊಟ್ಟಿ ತೊಳೆಯುವಾಗ ಕಾಲಿಗೆ ತಗುಲಿತು. ನಾನೇ ಬೀಳಿಸಿಕೊಂಡಿರಬೇಕು ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನಾದೆ. ಒಂದು ಮಾತು ನೀನು ಕೇಳಲಿಲ್ಲ, ಒಂದು ಮಾತು ನಾನು ಹೇಳಲಿಲ್ಲ, ಹನ್ನೆರಡು ವರ್ಷ! ಓದಿ ತಲೆ ಚಚ್ಚಿಕೊಂಡೆ. ಪಕ್ಕದಲ್ಲಿ ಕಸಿ ಕಟ್ಟುತ್ತಿದ್ದವಳು "ಯಾಕಕ್ಕಾ, ಮಗಳು ಫೇಲಾದ್ಳಾ?" ಅಂದಳು. "ಇಲ್ಲ ಕಣೇ, ತಾಯಿ ಫೇಲು" ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಕ್ಕಳು. ನಾನೂ ನಕ್ಕೆ. ಆಮೇಲೆ ಮೇಣ ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ರೆಪ್ಪೆ ಅಂಟಿಕೊಂಡು ಒದ್ದಾಡಿದೆ.

ಕತ್ತರಿಸುವುದು ಕಾಗದದಲ್ಲಿ ಹೇಳಿಕೊಡುವ ಕೆಲಸ ಅಲ್ಲ. ಸತ್ತಿರುವುದಕ್ಕೂ ಬದುಕಿರುವುದಕ್ಕೂ ನಡುವೆ ಒಂದು ಗೆರೆ ಇರುತ್ತೆ, ಅದನ್ನು ಕೈಯಿಂದ ಹುಡುಕಬೇಕು. ನಾನು ಬರುತ್ತೇನೆ. ಕಸಿ ಕಾಲ ಮುಗಿಯಿತು, ರಜೆ ಕೇಳಿದ್ದೇನೆ, ಈ ತಿಂಗಳ ಮೂವತ್ತಕ್ಕೆ ಬೆಳಗಿನ ಬಸ್ಸು. ಅಲ್ಲಿಯವರೆಗೆ ಕತ್ತರಿ ಮುಟ್ಟಬೇಡ.

ನೀನಿರುವ ಕಡೆ ತಾಯಿ ತಂದೆಯರನ್ನು ಎಷ್ಟು ಗಂಟೆಯವರೆಗೆ ಬಿಡುತ್ತಾರೆ? ಹಿಂದಿನ ಹಾಗೆ ಗೇಟಿನ ಹತ್ತಿರ ಒಂದು ಗಂಟೆ ಮಾತ್ರವಾ? ಅದನ್ನು ನೋಡಿಕೊಂಡು ವಾಪಸ್ ಬಸ್ಸಿಗೆ ಸೀಟು ಹೇಳಿಡಬೇಕು.

ಹೊಸ ಸೀರೆ ಉಡಲೋ ಹಳೆಯದೋ ಅಂತ ಈಗಲೇ ಯೋಚಿಸುತ್ತಿರುವ
ಅಮ್ಮ


ಏಪ್ರಿಲ್ ೨೪

ಅಮ್ಮಾ,

ಹದಿನೇಳು ಗಿಡ ಚಿಗುರಿದವು. ಆ ಮೂರು ಏಳಲಿಲ್ಲ. ಅವನ್ನು ಇನ್ನೂ ತೆಗೆದಿಲ್ಲ, ಡಾಕ್ಟರಕ್ಕ ಬಂದು ನೋಡಲಿ ಅಂತ ಬಿಟ್ಟಿದ್ದೇನೆ. ಹದಿನೇಳೂ ನಿನಗಾಗಿ ಕಾಯುತ್ತಿವೆ, ಕತ್ತರಿ ಡ್ರಾಯರಿನಲ್ಲಿದೆ.

ಇದು ಹಾಸ್ಟೆಲ್ ಅಲ್ಲ, ಬರೀ ಒಂದು ರೂಮು. ಮೆಟ್ಟಿಲು ಹತ್ತಿದರೆ ನೇರ ನನ್ನ ಬಾಗಿಲು. ಇಲ್ಲಿ ಗೇಟಿಲ್ಲ ಅಮ್ಮ. ವಾಪಸ್ ಸೀಟು ಹೇಳಿಡಬೇಡ.

ಮೂವತ್ತಕ್ಕೆ ಬಸ್ ನಿಲ್ದಾಣದಲ್ಲಿ, ಐದು ನಿಮಿಷ ಮುಂಚೆಯೇ ನಿಂತಿರುವ
ನಿನ್ನ ಮಗಳು